ಮಧ್ಯಾಹ್ನವಾದರೆ ಸೋನಾರ್ ಯಾಕೆ ಮಂಕಾಗುತ್ತದೆ?

ಪ್ರಶ್ನೆ (ಶಹಾಪುರ, ಯಾದಗಿರಿ ಜಿಲ್ಲೆ):
ನಮಸ್ಕಾರ. ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳುತ್ತೇನೆ. ನೀರೊಳಗಿನ ವಸ್ತುಗಳನ್ನು ಸದ್ದಿನಿಂದ ಪತ್ತೆ ಹಚ್ಚುವ ಸೋನಾರ್ ಬಗ್ಗೆ ಹೇಳುತ್ತಾ, ಸಮುದ್ರದ ನೀರಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್, ನೀರು ಬಿಸಿಯಾದರೆ ಇನ್ನೂ ಜಾಸ್ತಿ ಎಂದೆ. ಒಬ್ಬ ಹುಡುಗಿ ಕೇಳಿದಳು: "ಹಂಗಾದ್ರೆ ಬಿಸಿಲಿದ್ದಾಗ ಸೋನಾರ್‌ಗೆ ಇನ್ನೂ ದೂರದ್ದು ಕೇಳಬೇಕಲ್ರೀ ಸರ್?" ನಾನು ಓದಿದ್ದು ಉಲ್ಟಾ. 1930ರ ದಶಕದಲ್ಲಿ ಕ್ಯೂಬಾದ ಗ್ವಾಂಟನಾಮೊ ಹತ್ತಿರ ಅಮೆರಿಕದ ನೌಕಾಪಡೆಯ ಸೋನಾರ್ ಬೆಳಿಗ್ಗೆ ಚೆನ್ನಾಗಿದ್ದು ಮಧ್ಯಾಹ್ನ ಮಂಕಾಗುತ್ತಿತ್ತಂತೆ. ಯಾಕೆ?

ಉತ್ತರ (ಹುಮನಾಬಾದ್, ಬೀದರ್ ಜಿಲ್ಲೆ):
ಸರ್, ನೌಕಾಪಡೆಯಲ್ಲಿ ಸೋನಾರ್ ಮುಂದೆ ಕೂತು ದುಡಿದವನು ನಾನು. ಆ ಹುಡುಗಿಗೆ ಶಾಭಾಸ್ ಹೇಳಿ. ವೇಗ ಜಾಸ್ತಿ ಆದರೆ ದೂರವೂ ಜಾಸ್ತಿ ಆಗಬೇಕೆಂದಿಲ್ಲ. ಸದ್ದು ಎತ್ತ ಬಾಗುತ್ತದೆ ಅನ್ನೋದೇ ಮುಖ್ಯ. ಅದು ಯಾವಾಗಲೂ ವೇಗ ಕಡಿಮೆ ಇರುವ ಕಡೆಗೆ ಬಾಗುತ್ತದೆ.

ನಮ್ಮ ಬೆಚ್ಚನೆ ಸಮುದ್ರದಲ್ಲಿ ಒಂದು ಡಿಗ್ರಿ ಏರಿದರೆ ವೇಗ ಸೆಕೆಂಡಿಗೆ ಎರಡು ಮೀಟರಿಗಿಂತ ಸ್ವಲ್ಪ ಜಾಸ್ತಿ ಏರುತ್ತದೆ. ನೂರು ಮೀಟರ್ ಆಳಕ್ಕಿಳಿದರೂ ನೀರಿನ ಒತ್ತಡದಿಂದ ಅಷ್ಟು ಏರುವುದಿಲ್ಲ. ಗಾಳಿಯಿಲ್ಲದ ಮಧ್ಯಾಹ್ನ ಮೇಲಿನ ಕೆಲವೇ ಮೀಟರ್ ನೀರು ಕಾಯುತ್ತದೆ. ಮೇಲೆ ವೇಗ ಜಾಸ್ತಿ, ಕೆಳಗೆ ಕಡಿಮೆ. ಸದ್ದು ಕೆಳಕ್ಕೆ ಬಾಗಿ ಇಳಿದುಬಿಡುತ್ತದೆ. ಮುಂದೆ ಮೇಲ್ಭಾಗದಲ್ಲಿ ಸದ್ದು ತಲುಪದ ನೆರಳು. ಸಬ್‌ಮರೀನ್ ಅಲ್ಲಿದ್ದರೆ ಪವರ್ ಏರಿಸಿಯೂ ಹೆಚ್ಚು ಲಾಭವಿಲ್ಲ. ಮೇ ತಿಂಗಳಲ್ಲಿ ಜೇವರ್ಗಿ ರಸ್ತೆಯ ಬಿಸಿಲುಗುದುರೆ ತೋರಿಸಿ ಮಕ್ಕಳಿಗೆ ಹೇಳಿ. ಅಲ್ಲಿ ಕಾದ ಡಾಂಬರಿನ ಹತ್ತಿರ ಬೆಳಕು ಮೇಲಕ್ಕೆ ಬಾಗುತ್ತದೆ, ಇಲ್ಲಿ ಸದ್ದು ಕೆಳಕ್ಕೆ. ನಿಯಮ ಒಂದೇ.

ಅದಕ್ಕೇ ನಾವು ಮೊದಲು ನೀರಿನ ಉಷ್ಣಾಂಶ ನೋಡುತ್ತಿದ್ದೆವು. ಕೂದಲಿನಂಥ ತಾಮ್ರದ ತಂತಿ ಬಿಚ್ಚಿಕೊಳ್ಳುತ್ತಾ ಸಾಧನ ಕೆಳಗಿಳಿಯುತ್ತದೆ, ಯಾವ ಆಳದಲ್ಲಿ ಎಷ್ಟು ಡಿಗ್ರಿ ಅಂತ ಹೇಳುತ್ತದೆ.

ಪ್ರತಿಕ್ರಿಯೆ (ಸೇಡಂ, ಕಲಬುರಗಿ ಜಿಲ್ಲೆ):
ಕಾಕಾ, ಮಳೆಗಾಲದಾಗ ಹ್ಯಾಂಗ್ರೀ? ಇನ್ನೂ ಆಳಕ್ಕೆ ಹೋದರೆ?

ಉತ್ತರ (ಹುಮನಾಬಾದ್):
ತಮ್ಮಾ, ಮುಂಗಾರಿನ ಗಾಳಿ ಅರಬ್ಬಿ ಸಮುದ್ರದ ಮೇಲಿನ ಹತ್ತಾರು ಮೀಟರ್ ನೀರನ್ನು ಕಲಕಿ ಒಂದೇ ಉಷ್ಣಾಂಶಕ್ಕೆ ತರುತ್ತದೆ. ಆಗ ಒತ್ತಡದ್ದೇ ಆಟ. ಆಳಕ್ಕೆ ಹೋದಂತೆ ವೇಗ ಚೂರು ಏರುತ್ತದೆ, ಸದ್ದು ಮೇಲಕ್ಕೆ ಬಾಗಿ ಆ ಪದರದಲ್ಲೇ ದೂರ ಹೋಗುತ್ತದೆ. ಆದರೆ ಅಲೆಯ ಗದ್ದಲವೂ ಜಾಸ್ತಿ, ಕೇಳೋದು ಸುಲಭವಲ್ಲ.

ಬಹಳ ಆಳದಲ್ಲಿ ನೀರು ತಣ್ಣಗಾಗೋದು ಹೆಚ್ಚುಕಡಿಮೆ ನಿಲ್ಲುತ್ತದೆ, ಒತ್ತಡ ಮಾತ್ರ ಏರುತ್ತಲೇ ಇರುತ್ತದೆ. ನಡುವೆ ವೇಗ ಅತಿ ಕಡಿಮೆ ಇರುವ ಪದರ ಉಳಿಯುತ್ತದೆ. ಅದರೊಳಗೆ ಸಿಕ್ಕ ಸದ್ದು ಸಾವಿರಾರು ಕಿಲೋಮೀಟರ್ ಹೋಗುತ್ತದೆ. 1991ರಲ್ಲಿ ಹಿಂದೂ ಮಹಾಸಾಗರದ ಹರ್ಡ್ ದ್ವೀಪದ ಹತ್ತಿರ ಬಿಟ್ಟ ಸದ್ದು ಅಮೆರಿಕದ ಎರಡೂ ಕರಾವಳಿಗೆ ಕೇಳಿಸಿತು. ಸದ್ದು ತಲುಪಲು ಹಿಡಿದ ಸಮಯದಿಂದ ಸಾಗರ ಬಿಸಿಯಾಗುವುದನ್ನು ಅಳೆಯಬಹುದೇ ಎಂದು ನೋಡಲು ಮಾಡಿದ ಪರೀಕ್ಷೆ ಅದು.