ಒಂದೇ ಕೀ, ಊರಿಗೊಂದು ಅರ್ಥ: ಇದಕ್ಕೆ ಏನನ್ನೋಣ?

ಬೆಳಗಾವಿಯ ಒಂದು ಡಿಟಿಪಿ (ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಪುಟ ಕಟ್ಟುವ) ಅಂಗಡಿಯ ಹೊಸ ಹುಡುಗರಿಗೆ ಶಾರ್ಟ್‌ಕಟ್‌ಗಳ ಬಗ್ಗೆ ಕನ್ನಡದಲ್ಲಿ ಒಂದು ಹಾಳೆ ಬರೆದುಕೊಡುತ್ತಿದ್ದೇನೆ. ಇಂಗ್ಲಿಷಿನ 'ಇನ್‌ಕನ್ಸಿಸ್ಟೆಂಟ್' ಹತ್ತಿರ, ಅದಕ್ಕೊಂದು ಕನ್ನಡ ಪದ ಸಿಗದೆ, ಬರವಣಿಗೆ ನಿಂತಿದೆ. 'ಅಸಂಗತ' ಅಂದರೆ ನಾಟಕ ನೆನಪಾಗುತ್ತದೆ. 'ಹೊಂದಾಣಿಕೆ ಇಲ್ಲ' ಅಂದರೆ ಪ್ರಿಂಟರ್ ಕಂಪ್ಯೂಟರಿಗೆ ಕೂಡಲಿಲ್ಲ ಅಂದಂತಾಗುತ್ತದೆ.

ಇಲ್ಲಿ ಲಗ್ನಪತ್ರಿಕೆ ಆಗೋದು ಕೋರೆಲ್‌ಡ್ರಾದಲ್ಲಿ, ಫೋಟೊ ಕೆಲಸ ಫೋಟೋಶಾಪ್‌ನಲ್ಲಿ. ಪತ್ರಿಕೆ ಪ್ರೆಸ್ಸಿಗೆ ಹೋಗುವ ಮುಂಚೆ ಅಕ್ಷರವನ್ನೆಲ್ಲ 'ಕರ್ವ್' ಮಾಡಬೇಕು, ಅಂದರೆ ಫಾಂಟ್ ಬೇಡದ ಚಿತ್ರದ ಗೆರೆಗಳಾಗಿಸಬೇಕು. ಇಲ್ಲದಿದ್ದರೆ, ಅಲ್ಲಿ ಆ ಫಾಂಟ್ ಇರದಿದ್ದಾಗ, ಒತ್ತಕ್ಷರ ಚದುರಿ ಮದುಮಗಳ ಹೆಸರೇ ಬದಲಾಗುತ್ತದೆ. ಕೋರೆಲ್‌ನಲ್ಲಿ ಅದಕ್ಕೆ ಕಂಟ್ರೋಲ್ ಕ್ಯೂ. ಅದೇ ರೂಢಿಯಲ್ಲಿ ಫೋಟೋಶಾಪ್‌ನಲ್ಲಿ ಕಂಟ್ರೋಲ್ ಕ್ಯೂ ಹೊಡೆದರೆ ಪ್ರೋಗ್ರಾಮೇ ಮುಚ್ಚಿಕೊಳ್ಳಲು ಹೊರಡುತ್ತದೆ. ವರ್ಡ್‌ನಲ್ಲಾದರೆ ಪ್ಯಾರಾಕ್ಕೆ ನಾವು ಕೊಟ್ಟ ಜೋಡಣೆ ಅಳಿಸಿಹೋಗುತ್ತದೆ.

ಕಂಟ್ರೋಲ್ ಡಿ ಇನ್ನೂ ಮಜಾ. ಕೋರೆಲ್‌ನಲ್ಲಿ ನಕಲು, ಫೋಟೋಶಾಪ್‌ನಲ್ಲಿ ಆಯ್ಕೆ ಬಿಡಿಸೋದು, ಎಕ್ಸೆಲ್‌ನಲ್ಲಿ ಮೇಲಿನ ಮನೆಯದನ್ನು ಕೆಳಗೆ ತುಂಬೋದು. ಮೂರಕ್ಕೂ ಡಿ ಇಂಗ್ಲಿಷ್ ಪದದ್ದೇ: ಡುಪ್ಲಿಕೇಟ್, ಡಿಸೆಲೆಕ್ಟ್, ಡೌನ್. ಇಂಗ್ಲಿಷ್ ಬಲ್ಲವರಿಗೆ ಅದೊಂದು ಸುಳಿವು, ನಮ್ಮ ಹುಡುಗರಿಗೆ ಬರೀ ಬಾಯಿಪಾಠ ಅಲ್ವಾ?

ಇದರ ತಿರುಗುಮುರುಗೂ ಇದೆ. ರೀಡೂಗೆ (ರದ್ದು ಮಾಡಿದ್ದನ್ನು ಮತ್ತೆ ತರೋದಕ್ಕೆ) ವರ್ಡ್‌ನಲ್ಲಿ ಕಂಟ್ರೋಲ್ ವೈ, ಕೋರೆಲ್‌ನಲ್ಲಿ ಕಂಟ್ರೋಲ್ ಶಿಫ್ಟ್ ಝಡ್. ಕೆಲಸ ಒಂದೇ, ಕೀ ಬೇರೆ. ಇಂಗ್ಲಿಷ್ ಎರಡು ತಂಟೆಯನ್ನೂ ಒಂದೇ ಪದದಲ್ಲಿ ಸುತ್ತಿ ಇಡುತ್ತದೆ. ನಮ್ಮ ಶಾಲೆಯ ವ್ಯಾಕರಣದಲ್ಲಿ ನಾನಾರ್ಥ, ಸಮಾನಾರ್ಥ ಅಂತ ಬೇರೆಬೇರೆ ಇವೆ. ಹಾಗಾದರೆ ಮೊದಲನೆಯದಕ್ಕೆ 'ನಾನಾರ್ಥ ಕೀ', ಎರಡನೆಯದಕ್ಕೆ 'ಸಮಾನಾರ್ಥ ಕೀ' ಅನ್ನಬಹುದಾ? ಸ್ವಲ್ಪ ಪಂಡಿತರ ವಾಸನೆ ಇದೆ, ನಿಜ. ಆದರೆ ಹೈಸ್ಕೂಲು ಓದಿದ ಎಲ್ಲರಿಗೂ ಗೊತ್ತಿರುವ ಪದಗಳು. ಅಂಗಡಿಯಲ್ಲಿ ಎರಡಕ್ಕೂ ಸೇರಿಸಿ 'ಒಂದಕ್ಕೊಂದು ತಾಳಮೇಳ ಇಲ್ಲ ನೋಡ್ರಿ' ಅಂತಾರೆ. ಮಾತಿಗೆ ಚೆಂದ, ಪಟ್ಟಿಯ ತಲೆಬರಹಕ್ಕೆ ಒಗ್ಗೋದಿಲ್ಲ.

ಯಾರಾದರೂ 'ಕೀಲಿ' ಅನ್ನುವ ಮೊದಲೇ ಹೇಳಿಬಿಡುತ್ತೇನೆ. ಈ ಕಡೆ ಕೀಲಿ ಅಂದರೆ ಬೀಗ, ತೆಗೆಯೋದು ಕೀಲಿಕೈ. 'ಕೀಲಿ ಒತ್ತಿ' ಅಂತ ಬರೆದರೆ ಹುಡುಗರು ಬಾಗಿಲ ಕಡೆ ನೋಡುತ್ತಾರೆ. ಕೀಲಿಮಣೆ ಮಾತ್ರ ಹೇಗೋ ಪಾಸಾಗಿದೆ. 'ಅಡ್ಡದಾರಿ'ಯೂ ಬೇಡ, ಅದನ್ನು ಹಿಡಿದವರ ಕಥೆ ಬೇರೆ. ಶಾರ್ಟ್‌ಕಟ್ ಸುಮ್ನೆ ಶಾರ್ಟ್‌ಕಟ್ ಆಗಿಯೇ ಇರಲಿ.

ಒಂದು ತೊಡಕು ಉಳಿದಿದೆ. ವರ್ಡ್ ರೂಢಿಯವರು ಕೋರೆಲ್‌ನಲ್ಲಿ ಕಂಟ್ರೋಲ್ ವೈ ಹೊಡೆದರೆ ರೀಡೂ ಆಗೋದಿಲ್ಲ, ಎಳೆದ ಚಿತ್ರ ಚೌಕಳಿ ಗೆರೆಗಳ ಗ್ರಿಡ್‌ಗೆ ಅಂಟತೊಡಗುತ್ತದೆ. ಅಂದರೆ ಈ ವೈ ಎರಡೂ ಪಟ್ಟಿಗೆ ಸೇರುತ್ತದೆ. ಇಂಥವನ್ನು ಎಲ್ಲಿ ಹಾಕಲಿ? ಬಾಗಲಕೋಟೆ, ವಿಜಯಪುರದ ಡಿಟಿಪಿಯವರ ಬಾಯಲ್ಲಿ ಇದಕ್ಕೆ ಬೇರೆ ಮಾತು ಓಡಾಡುತ್ತಿದ್ದರೆ ತಿಳಿಸಿ. ಅಚ್ಚುಕಟ್ಟಾಗಿ ಇರದಿದ್ದರೂ ಪರವಾಗಿಲ್ಲ.