ರಬ್ಬರ್ ಎಂದರೆ ಒಂದು ಆಟವೇ, ಹಲವು ಆಟಗಳೇ?

ಆಟಗಳ ಕೈಪಿಡಿಯೊಂದರ ಅನುವಾದ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಇಸ್ಪೀಟಿನ ಬ್ರಿಜ್ ಅಧ್ಯಾಯದಲ್ಲೂ ಟೆನಿಸ್ ಅಧ್ಯಾಯದಲ್ಲೂ ‘ರಬ್ಬರ್’ ಬಂದಿದೆ. ಎರಡೂ ಕಡೆ ‘ಸರಣಿ’ ಎಂದು ಹಾಕಬಹುದೇ? ಸೋಲು-ಗೆಲುವು ಆಗಲೇ ತೀರ್ಮಾನವಾದ ಮೇಲೆ ಆಡುವ ‘ಡೆಡ್ ರಬ್ಬರ್’ಗೆ ‘ಸತ್ತ ರಬ್ಬರ್’ ಎಂದು ಬರೆದು, ನಾನೇ ನಕ್ಕು, ಹೊಡೆದುಹಾಕಿದ್ದೇನೆ.

---

ಹಾಕಬಾರದು. ಬ್ರಿಜ್‌ನಲ್ಲಿ ಅಂಕಪಟ್ಟಿಯ ಅಡ್ಡಗೆರೆಯ ಕೆಳಗೆ 100 ಅಂಕ ಕೂಡಿದರೆ ಒಂದು ಗೇಮ್. ಎರಡು ಗೇಮ್ ಮೊದಲು ಗೆದ್ದ ಜೋಡಿಗೆ ರಬ್ಬರ್. ಎದುರಾಳಿಗೆ ಒಂದೂ ಗೇಮ್ ಬಿಡದಿದ್ದರೆ 700 ಬೋನಸ್, ಒಂದು ಬಿಟ್ಟಿದ್ದರೆ 500. ದೇಶಗಳ ನಡುವಿನ ಟೆನಿಸ್ ಸ್ಪರ್ಧೆಯಾದ ಡೇವಿಸ್ ಕಪ್‌ನಲ್ಲಿ ಲೆಕ್ಕ ತಿರುಗುಮುರುಗು. ಎರಡು ದೇಶಗಳ ಇಡೀ ಹಣಾಹಣಿ ‘ಟೈ’ (ಅದನ್ನು ‘ಸಮಬಲ’ ಎಂದು ಅನುವಾದಿಸಿ ಮಾನ ಕಳೆದುಕೊಳ್ಳಬೇಡಿ). ಅದರೊಳಗಿನ ಒಂದೊಂದು ಸಿಂಗಲ್ಸ್ ಅಥವಾ ಡಬಲ್ಸ್ ಪಂದ್ಯವೇ ರಬ್ಬರ್. ಹಳೆಯ ಕ್ರಿಕೆಟ್ ಬರಹಗಳಲ್ಲಿ ಮಾತ್ರ ಇಡೀ ಟೆಸ್ಟ್ ಸರಣಿಯನ್ನು ರಬ್ಬರ್ ಎನ್ನುತ್ತಿದ್ದರು. ನಿಮ್ಮ ಸತ್ತ ರಬ್ಬರ್‌ಗೆ ಪತ್ರಿಕೆಗಳಲ್ಲಿ ‘ಔಪಚಾರಿಕ ಪಂದ್ಯ’ ಎಂಬುದು ಆಗಲೇ ಇದೆ.

---

ಸರಣಿಯೂ ಸಂಸ್ಕೃತ, ಔಪಚಾರಿಕವೂ ಸಂಸ್ಕೃತ. ಕನ್ನಡಕ್ಕೆ ಕನ್ನಡವೇ ಸಾಲದೇ? ರಬ್ಬರ್ ಹಿಗ್ಗುವಂಥದ್ದು, ಆಟವನ್ನು ಮೂರನೆಯ ಗೇಮ್‌ವರೆಗೆ ಹಿಗ್ಗಿಸುವುದರಿಂದ ಆ ಹೆಸರು ಬಂದಿದೆ. ‘ಎಳೆದಾಟ’ ಎನ್ನಿ. ಒಪ್ಪದಿದ್ದರೆ ‘ಆಟಗಟ್ಟು’.

---

ಎಳೆದಾಟ ಇರುವುದು ನಿಮ್ಮ ವ್ಯುತ್ಪತ್ತಿಯಲ್ಲಿ. ಚೆಂಡು ಉರುಳಿಸುವ ಇಂಗ್ಲಿಷಿನ ಬೌಲ್ಸ್ ಆಟದಲ್ಲಿ ಈ ಪದ 16ನೇ ಶತಮಾನದ ಕೊನೆಗೇ ಸಿಗುತ್ತದೆ. ಹಿಗ್ಗುವ ವಸ್ತುವಿಗೆ ರಬ್ಬರ್ ಎಂಬ ಹೆಸರು ಅಂಟಿದ್ದು 18ನೇ ಶತಮಾನದಲ್ಲಿ. ಅದೂ ಹಿಗ್ಗುತ್ತದೆ ಎಂದಲ್ಲ, ಪೆನ್ಸಿಲ್ ಗೆರೆಯನ್ನು ಉಜ್ಜಿ ಅಳಿಸುತ್ತದೆ ಎಂದು. ಮೊಮ್ಮಗನ ಹೆಸರನ್ನು ಅಜ್ಜನಿಗೆ ಇಡಬೇಡಿ. ಇನ್ನು ‘ಆಟಗಟ್ಟು’ ಎಂದರೆ ಬ್ರಿಜ್ ಆಡುವವರು ಇಸ್ಪೀಟು ಕಟ್ಟು ಎಂದುಕೊಂಡು 52 ಎಲೆ ಎಣಿಸಲು ಕೂರುತ್ತಾರೆ.

---

ಎಣಿಸಲಿ. ಒಮ್ಮೆ ಎಣಿಸಿದ ಮೇಲೆ ರೂಢಿಯಾಗುತ್ತದೆ. ‘ಪಂದ್ಯ’ ಎಂದರೂ ಮೊದಲು ಬಾಜಿ ಕಟ್ಟುವುದೇ ಅಲ್ಲವೇ? ಈಗ ಯಾರು ದುಡ್ಡು ತೆಗೆಯುತ್ತಾರೆ? ಎರವಲು ತರುವುದು ಸುಲಭವೆಂದೇ ಪದ ಕಟ್ಟುವ ಕೈ ಜಡ್ಡುಗಟ್ಟಿದೆ.

---

ರೂಢಿ ಓದುಗರಿಂದ ಬರುತ್ತದೆ, ನಿಮ್ಮ ಅಪ್ಪಣೆಯಿಂದಲ್ಲ. ನನ್ನ ಮಾತು ಮುಗಿಯಿತು.

---

ಇಬ್ಬರಿಗೂ ವಂದನೆಗಳು. ಬ್ರಿಜ್‌ನಲ್ಲಿ ‘ರಬ್ಬರ್’ ಉಳಿಸಿ, ಮೊದಲ ಸಲ ಬಂದ ಕಡೆ ‘ಮೂರರಲ್ಲಿ ಎರಡು ಗೇಮ್ ಗೆಲ್ಲುವ ಆಟ’ ಎಂದು ವಿವರಿಸಿದ್ದೇನೆ. ಟೆನಿಸ್‌ನಲ್ಲಿ ‘ಪಂದ್ಯ’. ಆದರೆ ‘ಟೈ’ಯನ್ನೂ ನಾನು ಎಲ್ಲ ಕಡೆ ‘ಪಂದ್ಯ’ ಎಂದೇ ಬರೆದಿದ್ದೆ. ಈಗ ‘ಪಂದ್ಯದಲ್ಲಿ ಐದು ಪಂದ್ಯಗಳು’ ಎಂದಾಗಿದೆ. ‘ಹಣಾಹಣಿ’ ನಿಯಮಗಳ ಪುಸ್ತಕಕ್ಕೆ ತುಸು ಜೋರಾಯಿತೇ?