ಸಹಾಯ ಬೇಕು: ಡಿವಿಡಿಗೆ ಬರ್ನ್ ಮಾಡಿದ ವಿಡಿಯೊದಲ್ಲಿ ಧ್ವನಿ ಹಿಂದೆ ಬೀಳುತ್ತಿದೆ

ಎಲ್ಲರಿಗೂ ನಮಸ್ಕಾರ. ಮೊಬೈಲ್‌ನಲ್ಲಿ ತೆಗೆದ ಎಂಪಿ4 ವಿಡಿಯೊಗಳನ್ನು ಡಿವಿಡಿಗೆ ಬರ್ನ್ ಮಾಡಿ ಹಳೆಯ ಪ್ಲೇಯರ್‌ನಲ್ಲಿ ನೋಡಬೇಕಾಗಿದೆ. ಫೈಲ್‌ಗಳನ್ನು ಹಾಗೆಯೇ ಡಿಸ್ಕ್‌ಗೆ ಹಾಕಿದರೆ ಅದು ಓದುವುದಿಲ್ಲ. ಪ್ಲೇಯರ್‌ಗೆ ಎಂಪೆಗ್-2 (ಡಿವಿಡಿಯ ವಿಡಿಯೊ ನಮೂನೆ) ರೂಪವೇ ಆಗಬೇಕು. ಇಷ್ಟು ಗೊತ್ತಿದೆ. ದಯವಿಟ್ಟು ಪೆನ್‌ಡ್ರೈವ್‌ಗೆ ಹಾಕಿ ಎನ್ನಬೇಡಿ, ಈ ಪ್ಲೇಯರ್‌ಗೆ ಯುಎಸ್‌ಬಿ ಕಿಂಡಿಯೇ ಇಲ್ಲ.

ಉಚಿತ ತಂತ್ರಾಂಶವೊಂದರಲ್ಲಿ ಪಾಲ್ ಎಂಬ ಟಿವಿ ಮಾದರಿಯನ್ನು (720×576, ಸೆಕೆಂಡಿಗೆ 25 ಫ್ರೇಮ್) ಆಯ್ದುಕೊಂಡು ಡಿವಿಡಿ ಮಾಡಿದೆ. ಡಿಸ್ಕ್ ಓಡುತ್ತದೆ, ಮೆನು ಕೂಡ ಬರುತ್ತದೆ. ಆದರೆ ಆರಂಭದಲ್ಲಿ ಸರಿಯಿರುವ ಧ್ವನಿ ಹೋಗುತ್ತ ಹೋಗುತ್ತ ಹಿಂದೆ ಬೀಳುತ್ತದೆ. ಕೊನೆಯ ಹೊತ್ತಿಗೆ ಬಾಯಿ ಮುಚ್ಚಿದ ಮೇಲೆ ಮಾತು, ಕೈ ಇಳಿದ ಮೇಲೆ ಚಪ್ಪಾಳೆ! ಬರ್ನ್ ವೇಗವನ್ನು 4ಎಕ್ಸ್‌ಗೆ ಇಳಿಸಿದೆ, ಬೇರೆ ಕಂಪನಿಯ ಡಿಸ್ಕ್ ಹಾಕಿದೆ, ಏನೂ ವ್ಯತ್ಯಾಸವಿಲ್ಲ. ಬರ್ನ್ ಮಾಡುವ ಮೊದಲೇ ಕಂಪ್ಯೂಟರ್‌ನಲ್ಲಿ ವಿಒಬಿ ಫೈಲ್ (ಡಿವಿಡಿಗೆ ಹೋಗುವ ವಿಡಿಯೊ ಫೈಲ್) ತೆರೆದು ನೋಡಿದರೂ ಅದೇ ಕಥೆ. ಅಂದರೆ ಡಿಸ್ಕ್, ಪ್ಲೇಯರ್ ಎರಡೂ ನಿರಪರಾಧಿಗಳು. ಮೂಲ ವಿಡಿಯೊದಲ್ಲಿ ಧ್ವನಿ, ಚಿತ್ರ ಎರಡೂ ಸರಿಯಾಗಿಯೇ ಇವೆ.

ವಿಡಿಯೊ ಫೈಲ್‌ನ ವಿವರ ತೋರಿಸುವ ಮೀಡಿಯಾಇನ್ಫೊ ತಂತ್ರಾಂಶದಲ್ಲಿ ನೋಡಿದರೆ ಮೂಲದ ಫ್ರೇಮ್ ದರ 'ವೇರಿಯಬಲ್', ಅಂದರೆ ಒಂದೇ ಸಮನಾಗಿರದೆ ಬದಲಾಗುತ್ತಿರುತ್ತದೆ, ಎಂದಿದೆ. ನನ್ನ ಅನುಮಾನ ಇದರ ಮೇಲೆಯೇ.

ಈಗ ಪ್ರಶ್ನೆ: ಮೊದಲು ಹ್ಯಾಂಡ್‌ಬ್ರೇಕ್ ಎಂಬ ವಿಡಿಯೊ ಪರಿವರ್ತಕದಲ್ಲಿ 'ಕಾನ್‌ಸ್ಟೆಂಟ್ ಫ್ರೇಮ್‌ರೇಟ್' (ಒಂದೇ ಸಮನಾದ ಫ್ರೇಮ್ ದರ) ಆಯ್ದು 25ಕ್ಕೆ ತಂದು, ಆಮೇಲೆ ಡಿವಿಡಿ ಮಾಡಿದರೆ ಸರಿಹೋಗುತ್ತದೆಯೇ? ಎರಡೆರಡು ಸಲ ಪರಿವರ್ತಿಸಿದರೆ ಚಿತ್ರ ಮಂಕಾದೀತೆಂಬ ಅಳುಕಿದೆ. ಒಂದೇ ಹಂತದಲ್ಲಿ ಮುಗಿಸುವ ದಾರಿಯಿದ್ದರೆ ಯಾವ ತಂತ್ರಾಂಶ, ಯಾವ ಸೆಟ್ಟಿಂಗ್ ಎಂದು ತಿಳಿಸುವಿರಾ?